ಡಂಜನ್ ಕ್ರಾಲರ್

ಶ್ರೀರಂಗಪಟ್ಟಣ ನೋಡಿದವರಿಗೆ ಬೇಯ್ಲಿ ಡಂಜನ್ ಗೊತ್ತು: ಮೆಟ್ಟಿಲಿಳಿದು ಹೋಗಬೇಕಾದ ಸೆರೆಮನೆ. ಆದರೆ ಈ ಪದ ಹುಟ್ಟಿದ್ದು ಎತ್ತರದಲ್ಲಿ. ಹಳೆಯ ಫ್ರೆಂಚಿನ ‘ದೊಂಜೊನ್’ ಎಂದರೆ ಕೋಟೆಯ ದೊಡ್ಡ ಗೋಪುರ. ಅದರ ಬೇರು ‘ಒಡೆಯ’ ಎಂಬರ್ಥದ ಲ್ಯಾಟಿನ್ ಪದ ‘ದೊಮಿನುಸ್’. ಇಂಗ್ಲಿಷಿಗೆ ಬಂದ ಮೇಲೆ ಒಡೆಯನ ಗೋಪುರ ಕೈದಿಯ ಕತ್ತಲಕೋಣೆಯಾಯಿತು. 1974ರ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟ ಅದನ್ನು ನಿಧಿಯೂ ರಕ್ಕಸರೂ ತುಂಬಿದ ಚಕ್ರವ್ಯೂಹವಾಗಿಸಿತು. ‘ಕ್ರಾಲ್’ ಎಂದರೆ ತೆವಳುವುದು. ಹೆಜ್ಜೆಹೆಜ್ಜೆಗೂ ತಡವುತ್ತ ಅಂಥ ಚಕ್ರವ್ಯೂಹದೊಳಗೆ ಸಾಗುವ ವಿಡಿಯೋ ಗೇಮೇ ಡಂಜನ್ ಕ್ರಾಲರ್.

ಇಂಥದೊಂದು ಆಟವಾದ 1981ರ ‘ವಿಝರ್ಡ್ರಿ’ಯಲ್ಲಿ ಆರು ಮಂದಿಯ ತಂಡ, ಹತ್ತು ಅಂತಸ್ತು, ಒಂದೊಂದರಲ್ಲೂ 400 ಚೌಕ. ನಕ್ಷೆಯನ್ನು ಆಟಗಾರರೇ ಗ್ರಾಫ್ ಹಾಳೆಯಲ್ಲಿ ಬರೆದುಕೊಳ್ಳಬೇಕಿತ್ತು. ಆಟದ ಸೊಗಸೆಲ್ಲ ಆ ನಕ್ಷೆಯಲ್ಲೇ ಇದೆ: ದಾರಿ ತಪ್ಪಿ ಕಲಿತ ಜಾಗ ಮರೆಯುವುದಿಲ್ಲ. ಕುಂದೂ ಉಂಟು. ಗೋಡೆಗಳೆಲ್ಲ ಒಂದೇ ಥರ, ಬಲ ಹೆಚ್ಚಿಸಿಕೊಳ್ಳಲು ಅದೇ ಕಾಳಗ ಮತ್ತೆ ಮತ್ತೆ. ಹಳೆಯದೆಂಬ ಕಾರಣಕ್ಕೆ ಈ ಬೇಸರವನ್ನು ಹೊಗಳಬೇಕಿಲ್ಲ.

ಫಿನ್ಲೆಂಡಿನ ‘ಲೆಜೆಂಡ್ ಆಫ್ ಗ್ರಿಮ್‌ರಾಕ್’ (2012) ಹಳೆಯ ಚೌಕದ ನಡಿಗೆಯನ್ನು ಉಳಿಸಿಕೊಂಡು ನಕ್ಷೆಯನ್ನು ತಾನೇ ಬರೆಯುತ್ತದೆ. ಬೇಡವೆಂದರೆ ಶುರುವಿನಲ್ಲೇ ಅದನ್ನು ತೆಗೆದುಬಿಡಬಹುದು. ಆಡುವುದಾದರೆ ತೆಗೆದೇ ಆಡಿ, ಪಕ್ಕದಲ್ಲಿ ಪೆನ್ಸಿಲ್ ಇಟ್ಟುಕೊಳ್ಳಿ.