ಬಾರ್ರಿಯೊ, ಮೊಹಲ್ಲಾ, ಪುರ

ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯ ಮಾತು ಬಂದರೆ ಸ್ಪೇನಿನ ಕೊರ್ಡೋಬಾ ಮಸೀದಿಯ ಹೆಸರೂ ಹಿಂದೆಯೇ ಬರುತ್ತದೆ. ಇದು ಅದರ ಪಡಿಯಚ್ಚು ಎಂದು ಹೇಳುವವರಿದ್ದಾರೆ. ಆದರೆ ಇಲ್ಲಿನ 1367ರ ಶಾಸನದಲ್ಲಿ ಕಾಣುವ ರಫಿ ಎಂಬಾತನ ಮೂಲ ಇರಾನಿನ ಕಜ್ವೀನ್. ಕೊರ್ಡೋಬಾದ ಮಸೀದಿಗೆ ವಿಶಾಲವಾದ ಅಂಗಳವಿದೆ. ಕಲಬುರಗಿಯದಕ್ಕೆ ಅಂಗಳವೇ ಇಲ್ಲ, ಇಡೀ ಕಟ್ಟಡಕ್ಕೆ ಮೇಲ್ಛಾವಣಿ. ಸಾಲು ಕಮಾನುಗಳನ್ನು ಬಿಟ್ಟರೆ ಹೋಲಿಕೆ ಅಷ್ಟಕ್ಕಷ್ಟೆ. ಸ್ಪೇನಿನೊಂದಿಗೆ ನಂಟು ಬೇಕೇ ಬೇಕೆಂದರೆ ಅದನ್ನು ಮಾತಿನಲ್ಲಿ ಹುಡುಕುವುದು ಲೇಸು.

ಸ್ಪ್ಯಾನಿಷ್ ಭಾಷೆಯಲ್ಲಿ ನಗರದ ಒಂದು ಬಡಾವಣೆಗೆ, ಕೇರಿಗೆ ‘ಬಾರ್ರಿಯೊ’ ಎನ್ನುತ್ತಾರೆ. ಇದರ ಬೇರು ಅರಬ್ಬಿಯ ‘ಬರ್ರ್’. ಅಂದರೆ ನೆಲ, ಬಯಲು. ಉರ್ದು ಬಲ್ಲವರಿಗೆ ಇದು ಪರಿಚಿತ ಪದವೇ. ಭಾರತ ಉಪಖಂಡವನ್ನು ‘ಬರ್ರೆ ಸಗೀರ್’ ಎನ್ನುತ್ತೇವಲ್ಲ, ಅದೇ ‘ಬರ್’. ‘ಬರ್ರೀ’ ಎಂದರೆ ಹೊರಗಿನದು. 711ರಿಂದ 1492ರವರೆಗೆ ಸ್ಪೇನಿನ ಒಂದಲ್ಲ ಒಂದು ಭಾಗದಲ್ಲಿ ಮುಸ್ಲಿಮ್ ಆಳ್ವಿಕೆ ಇತ್ತು. ಊರ ಹೊರವಲಯದಲ್ಲಿ ಬೆಳೆದ ವಸತಿಗೆ ಆಗ ಈ ಹೆಸರು ಬಿತ್ತು. ಊರು ಬೆಳೆದು ಹೊರಗಿನದನ್ನು ಒಳಗೆ ಹಾಕಿಕೊಂಡಿತು. ಪದ ಉಳಿಯಿತು, ‘ಹೊರಗೆ’ ಎಂಬ ಅರ್ಥ ಅಳಿಯಿತು.

ಹೊರವಲಯಕ್ಕೆ ಸ್ಪ್ಯಾನಿಷ್‌ನಲ್ಲಿ ಇನ್ನೊಂದು ಪದವೂ ಇದೆ, ‘ಅರ್ರಬಾಲ್’. ಅದೂ ಅರಬ್ಬಿಯದೇ, ‘ರಬದ್’ನಿಂದ ಬಂದದ್ದು. ಕೊರ್ಡೋಬಾದ ನದಿಯಾಚೆಗಿನ ಇಂಥದೊಂದು ವಸತಿಯ ಜನ 818ರಲ್ಲಿ ಅಮೀರ್ ಒಂದನೆಯ ಹಕಮ್‌ನ ವಿರುದ್ಧ ದಂಗೆಯೆದ್ದರು. ಅವನು ದಂಗೆಯನ್ನು ಹತ್ತಿಕ್ಕಿ, ಇಡೀ ವಸತಿಯನ್ನು ನೆಲಸಮ ಮಾಡಿಸಿ, ಬದುಕುಳಿದವರನ್ನು ಗಡೀಪಾರು ಮಾಡಿದ. ಅವರಲ್ಲಿ ಅನೇಕರು ಮೊರೊಕ್ಕೊದ ಫೆಜ್ ನಗರ ಸೇರಿದರು. ಆಳಿದವನೂ ಮುಸ್ಲಿಮ್, ಮನೆ ಕಳಕೊಂಡವರೂ ಬಹುಮಟ್ಟಿಗೆ ಮುಸ್ಲಿಮರು. ಆಂದಲೂಸಿನ ವೈಭವವನ್ನು ಕೊಂಡಾಡುವಾಗ ನಾವು ಈ ಪುಟವನ್ನು ಮಗುಚಿ ಮುಂದೆ ಹೋಗುವುದೇ ಹೆಚ್ಚು.

ಕೋಟೆ ಒಂದೆಡೆ, ಅದರ ಹೊರಗೆ ಹಬ್ಬಿದ ಜನವಸತಿ ಇನ್ನೊಂದೆಡೆ ಎಂಬ ಈ ಚಿತ್ರ ಕಲಬುರಗಿಯವರಿಗೆ ಹೊಸದಲ್ಲ. ಗಾಜಿಪುರ, ಮೋಮಿನಪುರ, ಬ್ರಹ್ಮಪುರ ಎಲ್ಲವೂ ಕೋಟೆಗೋಡೆಯ ಆಚೆಯವು, ಹಳೆಯ ಅರ್ಥದಲ್ಲಿ ಬಾರ್ರಿಯೊಗಳೇ. ‘ಗಾಜಿ’ ಮತ್ತು ‘ಮೋಮಿನ್’ ಅರಬ್ಬಿ, ‘ಪುರ’ ಸಂಸ್ಕೃತ. ಒಂದೇ ‘ಪುರ’ ಬ್ರಹ್ಮನಿಗೂ ಆಯಿತು, ಗಾಜಿಗೂ ಆಯಿತು.

ಬಾರ್ರಿಯೊ ಮುಂದೆ ಸ್ಪೇನಿನ ಹಡಗುಗಳಲ್ಲಿ ಅಮೆರಿಕಾ ಖಂಡಕ್ಕೂ ಫಿಲಿಪ್ಪೀನ್ಸಿಗೂ ಹೋಯಿತು. ಮ್ಯಾಡ್ರಿಡ್‌ನ ಸಿರಿವಂತರ ಸಾಲಮಾಂಕಾ ಬಡಾವಣೆಯೂ ಬಾರ್ರಿಯೊ, ನ್ಯೂಯಾರ್ಕ್‌ನಲ್ಲಿ ಪೋರ್ಟೊರಿಕೋದ ವಲಸಿಗರು ನೆಲೆಸಿದ ಪೂರ್ವ ಹಾರ್ಲೆಮ್ ಕೂಡ ಬಾರ್ರಿಯೊ. ಆದರೆ ಅಮೆರಿಕದ ಇಂಗ್ಲಿಷಿನಲ್ಲಿ ಆ ಪದ ಕೇಳಿದೊಡನೆ ಜನರ ಮನಸ್ಸಿಗೆ ಬರುವುದು ಬಡತನ, ಅಪರಾಧ, ಬೇರೆ ಜನ. ಪದವೇನೋ ಒಂದೇ. ಅದನ್ನು ಯಾರು ಯಾರ ಬಗ್ಗೆ ಆಡುತ್ತಾರೆ ಎಂಬುದರ ಮೇಲೆ ಅದರ ಬಣ್ಣ ಬದಲಾಯಿತು.

ನಮ್ಮಲ್ಲಿ ಈ ಗತಿ ‘ಮೊಹಲ್ಲಾ’ಕ್ಕೆ ಬರುತ್ತಿದೆ. ‘ಹಲ್ಲ’ ಎಂಬ ಅರಬ್ಬಿ ಧಾತುವಿಗೆ ಗಂಟು ಬಿಚ್ಚು, ಇಳಿದು ತಂಗು ಎಂಬ ಅರ್ಥಗಳಿವೆ. ಒಂಟೆಯ ಮೇಲಿನ ಹೊರೆ ಬಿಚ್ಚಿ ತಂಗಿದ ಜಾಗವೇ ‘ಮಹಲ್ಲ’ ಎಂದುಕೊಂಡರೆ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇದೇ ಪದ ಸ್ಪೇನಿಗೂ ಹೋಗಿ ‘ಅಲ್ಮೊಫಾಯಾ’ ಆಗಿ, ಸೇನೆಯ ಬಿಡಾರ ಎಂಬ ಅರ್ಥ ಪಡೆದು, ಈಗ ಬಳಕೆ ತಪ್ಪಿದೆ. ಕನ್ನಡದಲ್ಲಿ ಅದು ಜೀವಂತವಾಗಿದೆ. ಆದರೆ ಇಂದು ಸುದ್ದಿಯಲ್ಲಿ ‘ಮೊಹಲ್ಲಾ’ ಎಂದು ಬಂದರೆ ಓದುಗ ಅದನ್ನು ಮುಸ್ಲಿಮರ ಕೇರಿ ಎಂದೇ ತಿಳಿಯುತ್ತಾನೆ. ‘ಸೂಕ್ಷ್ಮ ಪ್ರದೇಶ’ ಎಂಬ ಮಾತೂ ಅದರ ಬೆನ್ನಿಗೇ ಇರುತ್ತದೆ. ಮೈಸೂರಿನವರಿಗೆ ಇದು ವಿಚಿತ್ರವಾಗಿ ಕಾಣಬೇಕು. ಅಲ್ಲಿ ದೇವರಾಜ ಮೊಹಲ್ಲಾ, ಕೃಷ್ಣರಾಜ ಮೊಹಲ್ಲಾ, ಚಾಮರಾಜ ಮೊಹಲ್ಲಾ ಎಂದು ಒಡೆಯರ ಹೆಸರಿನಲ್ಲೇ ಮೊಹಲ್ಲಾಗಳಿವೆ. ಲಷ್ಕರ್ ಮೊಹಲ್ಲಾ ಎಂಬುದೊಂದಿದೆ. ಲಷ್ಕರ್ ಎಂದರೆ ಸೇನೆ, ಮೊಹಲ್ಲಾ ಎಂದರೆ ಬಿಡಾರ. ಸ್ಪೇನಿನಲ್ಲಿ ಕಳೆದುಹೋದ ಅರ್ಥ ಇಲ್ಲಿ ಹೆಸರಾಗಿ ನಿಂತಿದೆ. ಸೇಂಟ್ ಫಿಲೋಮಿನಾ ಚರ್ಚ್ ಇರುವುದೂ ಅದೇ ಮೊಹಲ್ಲಾದಲ್ಲಿ.