ಪ್ರಾರ್ಥನೆಯೂ ಮದ್ದೂ: ಸತ್ತಿಹಳ್ಳಿಯ ಗುರುಗಳು ಕಲಿಸಿದ ಪಾಠ



ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನದ ಹಬ್ಬ. ಆ ಹಬ್ಬ ಹತ್ತಿರವಾದಂತೆ ಅಜ್ಜಂಪುರ, ತರೀಕೆರೆ, ಕಡೂರು ಭಾಗದ ನಮ್ಮ ಮನಸ್ಸುಗಳು ಹರಿಹರದ ಆರೋಗ್ಯ ಮಾತೆಯ ಕಡೆಗೆ ತಿರುಗುತ್ತವೆ. ಅಜ್ಜಂಪುರದ ರೈಲು ಹಳಿಯೇ ದಾವಣಗೆರೆ ದಾಟಿ ಹರಿಹರಕ್ಕೆ ಹೋಗುತ್ತದೆ. ಮೇಣದ ಬತ್ತಿ ಹಚ್ಚಿ, ಹರಕೆ ತೀರಿಸಿ, ಮನೆಯಲ್ಲಿ ಮಲಗಿರುವ ರೋಗಿಯ ಹೆಸರು ಹೇಳಿ ಕಣ್ಣೀರಿಡುವವರು ನಮ್ಮಲ್ಲಿ ಎಷ್ಟು ಜನ! ಆ ಕಣ್ಣೀರನ್ನು ದೇವರು ಕಾಣುತ್ತಾರೆಂಬುದು ನಮ್ಮ ವಿಶ್ವಾಸ.

ಆದರೆ ಅದೇ ವಿಶ್ವಾಸದ ಹೆಸರಿನಲ್ಲಿ ಇನ್ನೊಂದು ಮಾತೂ ನಮ್ಮ ಮನೆಗಳಿಗೆ ಬಂದು ಸೇರಿದೆ. "ಪ್ರಾರ್ಥನೆ ಮಾಡಿದ ಮೇಲೆ ಮಾತ್ರೆ ಯಾಕೆ? ಮಾತ್ರೆ ನುಂಗಿದರೆ ವಿಶ್ವಾಸ ಕಡಿಮೆಯಾದಂತಲ್ಲವೇ?" ಸಕ್ಕರೆ ಕಾಯಿಲೆಯವರು, ಮೂರ್ಛೆ ರೋಗದವರು, ಮನಸ್ಸಿನ ಕಾಯಿಲೆಯಿಂದ ನರಳುವವರು ಇಂಥ ಮಾತು ಕೇಳಿ ಮದ್ದು ನಿಲ್ಲಿಸಿದರೆ ಜೀವಕ್ಕೇ ಅಪಾಯ. ಆದುದರಿಂದ ಈ ಹಬ್ಬದ ಸಂದರ್ಭದಲ್ಲಿ ನಮ್ಮದೇ ಧರ್ಮಪ್ರಾಂತ್ಯದ ಮಣ್ಣಿನ ಒಂದು ಹಳೆಯ ಚರಿತ್ರೆಯನ್ನು ನೆನೆಯೋಣ.

ಚಿಕ್ಕಮಗಳೂರು ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 1963ರಲ್ಲಿ. ಆದರೆ ಅದರ ವ್ಯಾಪ್ತಿಯಲ್ಲಿರುವ ಹಾಸನ ಸೀಮೆಯ ಸತ್ತಿಹಳ್ಳಿಯ ಕ್ರೈಸ್ತ ಸಮುದಾಯ ಅದಕ್ಕಿಂತ ಬಹಳ ಹಿಂದಿನದು. 1792ರಲ್ಲಿ ಫ್ರಾನ್ಸಿನಿಂದ ಭಾರತಕ್ಕೆ ಬಂದ ಪ್ಯಾರಿಸ್ ವಿದೇಶ ಮಿಷನ್ ಸಭೆಯ ಗುರುಗಳಾದ ಅಬ್ಬೆ ದ್ಯುಬುವಾ ಅವರು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ, ಮೈಸೂರು ಸೀಮೆಯಲ್ಲಿ ಚದುರಿಹೋಗಿದ್ದ ಕ್ರೈಸ್ತರನ್ನು ಒಂದುಗೂಡಿಸುವ ಕೆಲಸಕ್ಕೆ ತೊಡಗಿದರು. ಈ ನಾಡಿನವರಂತೆ ಉಟ್ಟು, ಈ ನಾಡಿನ ಊಟವನ್ನೇ ಉಂಡು ಜನರ ನಡುವೆ ಬಾಳಿದರು. ಬಡ ಕುಟುಂಬಗಳು ಬೇಸಾಯ ಮಾಡಿ ನೆಲೆನಿಲ್ಲಲೆಂದು ಅವರು ಕಟ್ಟಿದ ವಸತಿಗಳಲ್ಲಿ ಸತ್ತಿಹಳ್ಳಿಯೇ ಪ್ರಮುಖವಾದದ್ದು.

ಆ ಕಾಲದಲ್ಲಿ ಜನರನ್ನು ಹೆದರಿಸಿದ ದೊಡ್ಡ ಪಿಡುಗು ಸಿಡುಬು. ಅದು ಬಂದ ಮನೆಯಲ್ಲಿ ಮಕ್ಕಳು ಸಾಯುತ್ತಿದ್ದರು. ಬದುಕಿದವರಲ್ಲಿ ಕೆಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಅದರ ಹೆಸರು ಹೇಳಲೂ ಅಂಜಿ ಜನ "ಅಮ್ಮ" ಎಂದು ಕರೆದರು. ಮುಂದೆ ಲಸಿಕೆ ಬಂದಾಗ ಅದಕ್ಕೂ "ದೇವಿ ಹಾಕಿಸುವುದು" ಎಂಬ ಹೆಸರೇ ನಮ್ಮ ಮಾತಿನಲ್ಲಿ ನಿಂತಿತು. ಮನುಷ್ಯನ ಕೈಮೀರಿದ ಕಾಯಿಲೆ ಇದು ಎಂಬ ಭಾವನೆ ಅಷ್ಟು ಆಳವಾಗಿತ್ತು.

1796ರಲ್ಲಿ ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ ಹಸುಗಳ ಸಿಡುಬಿನಿಂದ ಲಸಿಕೆಯ ದಾರಿ ಕಂಡುಹಿಡಿದರು. ಲ್ಯಾಟಿನ್ ಭಾಷೆಯಲ್ಲಿ ಹಸುವಿಗೆ "ವಾಕ್ಕಾ" ಎನ್ನುತ್ತಾರೆ. ವ್ಯಾಕ್ಸಿನ್ ಎಂಬ ಹೆಸರು ಬಂದದ್ದು ಅದರಿಂದಲೇ. ಅಮೃತಮಹಲ್ ದನಗಳಿಗೆ ಹೆಸರಾದ ಅಜ್ಜಂಪುರದ ಜನರಿಗೆ ಇದನ್ನು ಕೇಳಿದರೆ ಸಂತೋಷವಾಗಬಹುದು! ಭಾರತದಲ್ಲಿ 1802ರ ಜೂನ್ 14ರಂದು ಮುಂಬಯಿಯಲ್ಲಿ ಮೂರು ವರ್ಷದ ಬಾಲಕಿಯೊಬ್ಬಳಿಗೆ ಮೊದಲ ಲಸಿಕೆ ಹಾಕಲಾಯಿತು.

ಲಸಿಕೆಯನ್ನು ತಂಪು ಪೆಟ್ಟಿಗೆಯಲ್ಲಿಟ್ಟು ಸಾಗಿಸುವ ಕಾಲ ಅದಾಗಿರಲಿಲ್ಲ. ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯಿಂದ ಸುಮಾರು ಎಂಟನೆಯ ದಿನ ದ್ರವ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕಬೇಕಿತ್ತು. ಯಾರ ಮನೆಯ ಮಗು, ಯಾವ ಜಾತಿಯ ಮಗು ಎಂಬ ಅಳುಕು ಒಂದು ಕಡೆ. ದೇವಿ ಮುನಿದರೇನು ಗತಿ ಎಂಬ ಭಯ ಇನ್ನೊಂದು ಕಡೆ. ನಂಬಿಕೆಗೆ ಅರ್ಹರಾದವರು ಮುಂದೆ ನಿಂತು ಹೇಳಿದರೆ ಮಾತ್ರ ತಾಯಂದಿರು ಮಗುವಿನ ತೋಳು ಚಾಚಿಸುತ್ತಿದ್ದರು. ಅಬ್ಬೆ ದ್ಯುಬುವಾ ಅವರು ಹಾಗೆ ಮುಂದೆ ನಿಂತರು. 1803–04ರ ಅವಧಿಯಲ್ಲಿ ಅವರ ಶ್ರಮದಿಂದ 25,432 ಮಂದಿಗೆ ಲಸಿಕೆ ಹಾಕಿದ ದಾಖಲೆಯಿದೆ.

ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಬಲಿಪೂಜೆ ಅರ್ಪಿಸಿದ ಕೈಗಳೇ ಈ ಕೆಲಸಕ್ಕೂ ಮುಂದಾದವು. ರೋಗಿಗಳಿಗಾಗಿ ಪ್ರಾರ್ಥಿಸುವ ಗುರುಗಳು "ಪ್ರಾರ್ಥನೆಯೊಂದೇ ಸಾಕು" ಎನ್ನಲಿಲ್ಲ. ಮದ್ದು ತಂದ ಮಾತ್ರಕ್ಕೆ ಪ್ರಾರ್ಥನೆ ಬಿಡಲೂ ಇಲ್ಲ. ಆ ಹಾದಿಯಲ್ಲೇ ಮುಂದೆ ಬೇರೆಯವರೂ ನಡೆದರು. ಬೆಂಗಳೂರಿನಲ್ಲಿ ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ತೆರೆದರು. ಮಂಗಳೂರಿನಲ್ಲಿ ಯೇಸುಸಭೆಯ ಗುರುಗಳಾದ ಅಗಸ್ಟಸ್ ಮುಲ್ಲರ್ 1880ರಲ್ಲಿ ಹೋಮಿಯೋಪಥಿ ಮದ್ದು ಕೊಡಲು ಆರಂಭಿಸಿ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದರು.

ಪವಿತ್ರ ಬೈಬಲ್ ಹೇಳುವುದೂ ಇದನ್ನೇ. ಸಿರಾಖನ ಗ್ರಂಥದ 38ನೆಯ ಅಧ್ಯಾಯವನ್ನು ಇಂದು ಮನೆಯವರೆಲ್ಲ ಕೂಡಿ ಓದಿರಿ. ಮದ್ದನ್ನು ಭೂಮಿಯಿಂದ ಹುಟ್ಟಿಸಿದವರು ದೇವರೇ, ರೋಗಿಯು ಪ್ರಾರ್ಥಿಸಬೇಕು, ಆಮೇಲೆ ವೈದ್ಯನಿಗೂ ಎಡೆಕೊಡಬೇಕು ಎಂಬುದು ಅದರ ಬೋಧನೆ. ಹುಟ್ಟುಕುರುಡನನ್ನು ಗುಣಪಡಿಸಿದ ಯೇಸುಸ್ವಾಮಿ ಉಗುಳಿನಿಂದ ಮಣ್ಣು ಕಲಸಿ ಅವನ ಕಣ್ಣಿಗೆ ಹಚ್ಚಿ, ಸಿಲೊವಾಮ್ ಕೊಳದಲ್ಲಿ ತೊಳೆದುಕೊಳ್ಳಲು ಕಳುಹಿಸಿದರು. ಈ ಕುರುಡುತನಕ್ಕೆ ಯಾರ ಪಾಪ ಕಾರಣವೆಂದು ಶಿಷ್ಯರು ಕೇಳಿದಾಗ, ಅವನದೂ ಅಲ್ಲ, ಹೆತ್ತವರದೂ ಅಲ್ಲ ಎಂದರು. ಸಂತ ಪೌಲರು ತಮ್ಮ ದೇಹದ ಮುಳ್ಳನ್ನು ತೆಗೆಯಬೇಕೆಂದು ಮೂರು ಬಾರಿ ಬೇಡಿದರೂ ಅದು ಹೋಗಲಿಲ್ಲ. ಪೌಲರಿಗೆ ವಿಶ್ವಾಸ ಇರಲಿಲ್ಲವೆಂದು ಹೇಳುವವರು ಯಾರು? ಹಾಗಿರುವಾಗ, ಗುಣವಾಗದ ರೋಗಿಯ ಹಾಸಿಗೆಯ ಬಳಿ ನಿಂತು "ನಿನ್ನ ವಿಶ್ವಾಸ ಸಾಲದು" ಎನ್ನುವ ಹಕ್ಕು ನಮಗೆಲ್ಲಿಂದ ಬಂತು?

ಹಾಗೆಂದು ದೇವರು ಇಂದು ಗುಣಪಡಿಸುವುದಿಲ್ಲವೇ? ಖಂಡಿತ ಗುಣಪಡಿಸುತ್ತಾರೆ. 1858ರಲ್ಲಿ ಮಾತೆ ದರ್ಶನವಿತ್ತ ಲೂರ್ದಿನಲ್ಲಿ ಗುಣವಾದೆವೆಂದು ಹೇಳಿದವರು ಸಾವಿರಾರು. ಧರ್ಮಸಭೆ ಅದ್ಭುತವೆಂದು ಅಧಿಕೃತವಾಗಿ ಒಪ್ಪಿದ್ದು ಎಪ್ಪತ್ತಕ್ಕಿಂತ ತುಸು ಹೆಚ್ಚನ್ನು ಮಾತ್ರ, ಅದೂ ವೈದ್ಯರು ಕೂಲಂಕಷವಾಗಿ ಪರೀಕ್ಷಿಸಿದ ಮೇಲೆ. ಅದ್ಭುತವನ್ನು ನಂಬುವ ಧರ್ಮಸಭೆ ವೈದ್ಯರ ಮಾತನ್ನೂ ಕೇಳುತ್ತದೆ. ಗುಣಪ್ರಾರ್ಥನೆಗಳಲ್ಲಿ ಉನ್ಮಾದಕ್ಕೂ ನಾಟಕೀಯತೆಗೂ ಎಡೆಯಿರಬಾರದೆಂದು ವ್ಯಾಟಿಕನ್ 2000ದಲ್ಲಿ ಎಚ್ಚರಿಸಿದೆ.

ಧರ್ಮಸಭೆ ನಮಗೆ ಕೊಟ್ಟಿರುವ ಗುಣಪ್ರಾರ್ಥನೆಗಳಲ್ಲಿ ದೊಡ್ಡದು ಅಭ್ಯಂಗ ಸಂಸ್ಕಾರ. ಇದು ಕೊನೆಯುಸಿರಿನ ಹೊತ್ತಿನವರಿಗೆ ಮಾತ್ರವಲ್ಲ, ಕಠಿಣ ಕಾಯಿಲೆಯಲ್ಲಿರುವವರಿಗೂ ಮುಪ್ಪಿನಿಂದ ಬಳಲಿದವರಿಗೂ ಸಲ್ಲುತ್ತದೆ. ದ್ವಿತೀಯ ವ್ಯಾಟಿಕನ್ ಮಹಾಸಭೆ ತೋರಿದ ದಾರಿಯಲ್ಲಿ ಜಗದ್ಗುರು ಆರನೆಯ ಪೌಲರು 1972ರಲ್ಲಿ ಅದರ ಕ್ರಮವನ್ನು ನವೀಕರಿಸಿದರು. ಆದರೂ ಗುರುಗಳನ್ನು ಕರೆದರೆ ಅಪ್ಪ ಹೆದರಿಯಾರು ಎಂದು ತಡಮಾಡುವ ಮನೆಗಳು ಇನ್ನೂ ಇವೆ. ತಡಮಾಡಬೇಡಿರಿ. ರೋಗಿಗೆ ಮಾತು ನಿಂತುಹೋಗುವ ಮೊದಲೇ, ಶಸ್ತ್ರಚಿಕಿತ್ಸೆಗೆ ಹೊರಡುವ ಮೊದಲೇ ಕರೆಯಿರಿ. ರೋಗಿಯೂ ಕೂಡಿ ಪ್ರಾರ್ಥಿಸಲಿ.

ಜಗತ್ತನ್ನು ಕಾಡಿದ ಆ ಸಿಡುಬು ಈಗಿಲ್ಲ. ಭಾರತದಲ್ಲಿ ಅದರ ಕೊನೆಯ ಪ್ರಕರಣ ಕಂಡದ್ದು 1975ರಲ್ಲಿ. 1980ರಲ್ಲಿ ಅದು ಲೋಕದಿಂದಲೇ ಅಳಿಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಎಷ್ಟೋ ತಲೆಮಾರುಗಳ ತಾಯಂದಿರ ಪ್ರಾರ್ಥನೆಗೆ ದೇವರು ಕೊಟ್ಟ ಉತ್ತರ ಅದು. ಆ ಉತ್ತರ ಬಂದದ್ದು ವೈದ್ಯರ ಬುದ್ಧಿಯ ಮೂಲಕ, ತೋಳು ಚಾಚಿದ ಮಕ್ಕಳ ಮೂಲಕ, ಸತ್ತಿಹಳ್ಳಿಯ ಗುರುಗಳಂಥವರ ನಡೆದಾಟದ ಮೂಲಕ.

ಆದುದರಿಂದ ಪ್ರಿಯರೇ, ಆರೋಗ್ಯ ಮಾತೆಯ ಪಾದಕ್ಕೆ ಹೋಗುವಾಗ ಮಾತ್ರೆಯ ಚೀಟಿಯನ್ನೂ ಜೊತೆಗೊಯ್ಯಿರಿ. ಜಪಸರ ಹಿಡಿದ ಕೈಯಲ್ಲೇ ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳಿರಿ. ವೈದ್ಯರನ್ನು ಕೇಳದೆ ಯಾವ ಮದ್ದನ್ನೂ ನಿಲ್ಲಿಸಬೇಡಿರಿ. ನೆರೆಮನೆಯ ರೋಗಿಗೆ ಪ್ರಾರ್ಥನೆಯ ಜೊತೆಗೆ ಒಂದು ಬಟ್ಟಲು ಗಂಜಿಯನ್ನೂ, ಆಸ್ಪತ್ರೆಗೆ ಹೋಗಲು ಒಬ್ಬರ ಜೊತೆಯನ್ನೂ ಕೊಡಿರಿ. ರೋಗಿಗಳ ಆರೋಗ್ಯವಾದ ಮಾತೆ ಮರಿಯಮ್ಮನವರು ನಮ್ಮೆಲ್ಲರಿಗಾಗಿ ಪ್ರಾರ್ಥಿಸಲಿ. ಆಮೆನ್.