ಮುಚ್ಚಿದ ಮಹಾ ಅಭಿಧಮನಿ: ಒಂದು ಚಿಕಿತ್ಸೆಯ ಇತಿಹಾಸ

ಹತ್ತನೇ ತರಗತಿಯಲ್ಲಿ ವಿಜ್ಞಾನದ ಮೇಷ್ಟ್ರು ಹೃದಯದ ಚಿತ್ರ ಬರೆಸುವಾಗ ನೀಲಿ ಬಣ್ಣ ಹಚ್ಚಿಸುತ್ತಿದ್ದ ಮೇಲಿನ ಮಹಾ ಅಭಿಧಮನಿಯನ್ನು ನಾನು ಅಂಕಕ್ಕಾಗಿ ಕಲಿತೆ. ಮುಂದೊಮ್ಮೆ ದೊಡ್ಡಪ್ಪನ ಮುಖ ಊದಿ, ಕತ್ತಿನ ನರ ಉಬ್ಬಿ, ಮಲಗಿದರೆ ಉಸಿರು ಕಟ್ಟತೊಡಗಿತು. ಉಪ್ಪು ಬಿಟ್ಟರೆ ಸರಿಹೋದೀತೆಂದು ಎರಡು ವಾರ ಕಳೆದೆವು. ಎದೆಯ ಗಡ್ಡೆಯೊಂದು ಅದೇ ನಾಳವನ್ನು ಒತ್ತಿತ್ತು.

ತಲೆ, ಕತ್ತು, ತೋಳುಗಳ ರಕ್ತವನ್ನು ಹೃದಯಕ್ಕೆ ಮರಳಿಸುವ ಈ ನಾಳದ ಗೋಡೆ ತೆಳು, ಒಳಗಿನ ಒತ್ತಡ ಕಡಿಮೆ. ಆದ್ದರಿಂದ ಪಕ್ಕದ ಗಡ್ಡೆಗೆ ಬೇಗ ಮಣಿಯುತ್ತದೆ. ಈ ಅಡಚಣೆಯನ್ನು 1757ರಲ್ಲಿ ಮೊದಲು ವಿವರಿಸಿದವರು ಲಂಡನ್ನಿನ ವೈದ್ಯ ವಿಲಿಯಂ ಹಂಟರ್. ಅಲ್ಲಿ ಕಾರಣ ಸಿಫಿಲಿಸ್‌ನಿಂದ ಉಬ್ಬಿದ ಮಹಾ ಅಪಧಮನಿ. ಸಿಫಿಲಿಸ್‌ಗೆ ಔಷಧಿ ಬಂದ ಮೇಲೆ ಶ್ವಾಸಕೋಶದ ಕ್ಯಾನ್ಸರ್ ಮುಖ್ಯ ಕಾರಣವಾಯಿತು.

ಬದಲಿಗೆ ಜೋಡಿಸಲು ಅಷ್ಟು ಅಗಲದ ನಾಳ ದೇಹದಲ್ಲಿ ಸುಲಭವಾಗಿ ಸಿಗದು. ಅಮೆರಿಕದ ಡೊನಾಲ್ಡ್ ಡೋಟಿ 1976ರಲ್ಲಿ ಪ್ರಕಟಿಸಿದ ಉಪಾಯ ಹೀಗಿದೆ: ಕಾಲಿನ ಅಭಿಧಮನಿಯನ್ನು ಉದ್ದಕ್ಕೆ ಸೀಳಿ, ಕೊಳವೆಯೊಂದಕ್ಕೆ ಸುರುಳಿಯಾಗಿ ಸುತ್ತಿ, ಅಂಚು ಹೊಲಿದು ಅಗಲವಾದ ನಾಳ ಮಾಡುವುದು. ಫ್ರಾನ್ಸಿನ ಫಿಲಿಪ್ ದಾರ್ಟ್‌ವೆಲ್ ತಂಡ, ಗಡ್ಡೆಯೊಡನೆ ನಾಳವನ್ನೂ ಕತ್ತರಿಸಿ ಕೃತಕ ಕೊಳವೆ ಜೋಡಿಸಿದ ರೋಗಿಗಳ ದೀರ್ಘಕಾಲದ ಫಲಿತಾಂಶವನ್ನು 1991ರಲ್ಲಿ ವರದಿ ಮಾಡಿತು. ಇಷ್ಟರಲ್ಲಿ, 1980ರ ದಶಕದಲ್ಲೇ, ಎದೆ ತೆರೆಯದೆ ಲೋಹದ ಸ್ಟೆಂಟ್ ಇಡುವುದೂ ಸಾಧ್ಯವಾಗಿತ್ತು.

ಶಸ್ತ್ರಚಿಕಿತ್ಸೆಯ ಹಂತ ಮೀರಿದ್ದ ದೊಡ್ಡಪ್ಪನಿಗೆ ಸ್ಟೆಂಟ್ ಇಟ್ಟರು. ಕೆಲವೇ ದಿನಗಳಲ್ಲಿ ಊತ ಇಳಿಯಿತು. ಕ್ಯಾನ್ಸರ್ ಕೊನೆಗೆ ಅವರನ್ನು ಕರೆದೊಯ್ದಿತು, ಆದರೆ ಉಳಿದ ಎಂಟು ತಿಂಗಳು ಅವರು ಹಾಸಿಗೆಯಲ್ಲಿ ಮಲಗಿಯೇ ನಿದ್ದೆ ಮಾಡಿದರು.

ಶಾಲೆಯ ಮಕ್ಕಳೇ, ಆ ನೀಲಿ ಗೆರೆಯನ್ನು ಗಮನವಿಟ್ಟು ಬರೆಯಿರಿ. ಮನೆಯಲ್ಲಿ ಯಾರಿಗಾದರೂ ಮುಖ, ಕತ್ತು ಊದಿದರೆ ನಮ್ಮಂತೆ ಎರಡು ವಾರ ಕಾಯಬೇಡಿ.